ದಾರವಿಲ್ಲದ ಕೌದಿ

"ಅಪ್ಪ, ಏಳು. ಟ್ರಂಕ್ ತೆಗೀಬೇಕು," ಎಂದು ಮಗಳು ಮತ್ತೆ ಕೇಳಿದಾಗಲೂ ವಾಚಣ್ಣ ಕದಲಲಿಲ್ಲ. ಎರಡೂ ಕೈಗಳನ್ನು ತೊಡೆಯ ಅಡಿಗೆ ಸಿಕ್ಕಿಸಿಕೊಂಡು, ತುಂಬಿದ ಬಸ್ಸಿನಲ್ಲಿ ಸೀಟು ಹಿಡಿದವನ ಹಾಗೆ ಟ್ರಂಕಿನ ಮೇಲೆ ಕುಳಿತೇ ಇದ್ದ.

"ಬೇರೆ ಏನಾದ್ರೂ ಹಾಕಿ. ಬೀರೂನಲ್ಲಿ ಹೊಸಾ ಬೆಡ್‌ಶೀಟ್ ಇದೆ."

"ಬೆಡ್‌ಶೀಟ್ ಯಾಕಪ್ಪ? ಕೌದಿ ಬೇಕು ಅಂತ ಅಮ್ಮ ಬಾಯಿಬಿಟ್ಟು ಹೇಳಿದಾಳೆ. ಜೀವಮಾನದಲ್ಲಿ ಅವಳು ನಮ್ಮನ್ನ ಕೇಳಿದ್ದು ಅದೊಂದೇ."

"ಹೌದು ಭಾವ," ಎಂದಳು ಮಂಚದ ತಲೆಯ ಕಡೆ ಕುಳಿತಿದ್ದ ನಾದಿನಿ. ಅತ್ತೂ ಅತ್ತೂ ಅವಳ ದನಿ ಒಡೆದುಹೋಗಿತ್ತು. "ಹೋದ ತಿಂಗಳು ನಾನು ಬಂದಾಗ ಅಕ್ಕ ಕೈ ಹಿಡ್ಕೊಂಡು ಹೇಳಿದ್ಲು. ಆ ಕೌದಿ ನನ್ನ ಜೊತೆ ಕಳ್ಸಿ ಅಂತ. ಅದೂ ಹೇಗೆ ಕಳಿಸ್ಬೇಕು ಅಂದ್ರೆ..."

"ಬೇಡ ಅಂದ್ನಲ್ಲ," ಎಂದು ವಾಚಣ್ಣ ಗದರಿದ. "ನನ್ನ ಹೆಂಡ್ತಿ ವಿಷಯ ಎಲ್ಲರೂ ನನಗೇ ಹೇಳೋಕೆ ಬರ್ತೀರಲ್ಲ."

ನಾದಿನಿ ಉಳಿದ ಮಾತನ್ನು ನುಂಗಿಕೊಂಡಳು. ಬಾಗಿಲ ಬಳಿ ನಿಂತಿದ್ದ ನೆರೆಹೊರೆಯವರು ಮುಖ ಮುಖ ನೋಡಿಕೊಂಡರು. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಕುಳಿತು ಜೀವನವಿಡೀ ಗಡಿಯಾರ ರಿಪೇರಿ ಮಾಡಿದ ಈ ಮನುಷ್ಯ, ಗಡಿಯಾರಕ್ಕಿಂತ ಜೋರಾಗಿ ಸದ್ದು ಮಾಡಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಪಾಪ, ಅವರ ಸಂಕಟ ಅವರಿಗೆ ಎಂದು ಯಾರೋ ಪಿಸುಗುಟ್ಟಿದರು.

ಸಂಕಟ ಇದ್ದದ್ದು ನಿಜ. ನಿನ್ನೆ ಸಂಜೆ ನಿದ್ದೆಯಲ್ಲೇ ಹೋದ ಹೆಂಡತಿ ಮೂರು ಮಾರು ದೂರದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಮಧ್ಯಾಹ್ನ ವ್ಯಾನ್ ಬಂದು ಅವಳನ್ನು ಮಣ್ಣಿಗೆ ಒಯ್ಯುವುದಿತ್ತು. ಆದರೆ ವಾಚಣ್ಣನಿಗೆ ಅಳುವುದಕ್ಕೂ ಪುರುಸೊತ್ತು ಇರಲಿಲ್ಲ. ಅವನು ಕೂತಿದ್ದ ಟ್ರಂಕಿನೊಳಗೆ ಅವಳ ಕೊನೆಯ ಕೌದಿ ಇತ್ತು, ಮತ್ತು ಆ ಕೌದಿಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ದಾರವೇ ಇರಲಿಲ್ಲ. ಕಣ್ಣು ಕಾಣದ ಹೆಂಡತಿಯ ಕೈಗೆ ಅವನು ದಿನಾ ಬೆಳಿಗ್ಗೆ ಖಾಲಿ ಸೂಜಿ ಕೊಟ್ಟಿದ್ದ. ಅವಳು ಅದರಲ್ಲೇ ಹೊಲಿದಿದ್ದಳು. ಯಾರಾದರೂ ಎತ್ತಿ ಕೊಡವಿದರೆ ಸಾಕು, ಚೂರುಗಳೆಲ್ಲ ಉದುರಿ ಬಿದ್ದು ಅವನು ಮಾಡಿದ ಕೆಲಸ ಊರಿಗೆಲ್ಲ ಗೊತ್ತಾಗುತ್ತಿತ್ತು. ಅವಳು ನೆಮ್ಮದಿಯಿಂದ ಮಣ್ಣಿಗೆ ಹೋಗುವವರೆಗೆ ಈ ಟ್ರಂಕಿನ ಮೇಲೆ ಕುಳಿತಿರುವುದು ಬಿಟ್ಟು ಅವನಿಗೆ ಬೇರೆ ದಾರಿ ಹೊಳೆಯಲಿಲ್ಲ.

*

ತುಂಡು ಬಟ್ಟೆ ಕಂಡರೆ ಅವಳಿಗೆ ಊಟ ಬೇಡವಾಗುತ್ತಿತ್ತು. ಕೆಳಮನೆಯ ಟೈಲರ್ ದಿನವೂ ಗುಡಿಸಿ ಎಸೆಯುತ್ತಿದ್ದ ಚೂರುಗಳನ್ನು ಚೀಲದಲ್ಲಿ ತುಂಬಿ ಮೇಲಕ್ಕೆ ಕಳಿಸುತ್ತಿದ್ದ. ಅವಳು ಅದನ್ನು ನೆಲದ ಮೇಲೆ ಸುರುವಿಕೊಂಡು ಇಸ್ತ್ರಿ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ಬಣ್ಣಕ್ಕೆ ಬಣ್ಣ ಜೋಡಿಸುತ್ತಿದ್ದಳು. ಬಿಸಿ ಪಾತ್ರೆ ಹಿಡಿಯುವ ಕೈಬಟ್ಟೆ, ಚಿಲ್ಲರೆ ಹಾಕುವ ಪುಟ್ಟ ಚೀಲ, ದಿಂಬಿನ ಕವರ್, ಟೀವಿಗೊಂದು ಹೊದಿಕೆ, ನೀರಿನ ಬಾಟಲಿಗೂ ಒಂದು ಅಂಗಿ. ಮನೆಯಲ್ಲಿ ಹೊದಿಕೆಯಿಲ್ಲದ ವಸ್ತು ಎಂದರೆ ಗಂಡ ಒಬ್ಬನೇ. "ಇನ್ನೊಂದು ಗಳಿಗೆ ಇಲ್ಲೇ ನಿಂತ್ರೆ ನನಗೂ ಒಂದು ಕವರ್ ಹಾಕ್ತೀಯ ಕಣೇ," ಎಂದು ಅವನು ತಮಾಷೆ ಮಾಡುತ್ತಿದ್ದ. "ನಿಮ್ಮ ಅಳತೆಗೆ ಬಟ್ಟೆ ಸಾಲ್ಬೇಕಲ್ಲ," ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು.

ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅವಳದೊಂದು ಚಿಕ್ಕ ಕೌದಿ ಹೋಗುತ್ತಿತ್ತು. ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ನಾಲ್ಕು ಚೂರು ಕೂಡುವ ಕಡೆ ಮೂಲೆಗೆ ಮೂಲೆ ಸೇರಬೇಕು, ಅದೊಂದೇ ಅವಳ ಹಟ. ಕೂದಲೆಳೆಯಷ್ಟು ಆಚೀಚೆ ಆದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಮೊದಲು ಕಣ್ಣು ತೆಗೆದುಕೊಂಡಿತು, ಅಷ್ಟಕ್ಕೇ ನಿಲ್ಲದೆ ಬೆರಳ ತುದಿಗಳನ್ನೂ ಮರಗಟ್ಟಿಸಿತು. ಸೂಜಿ ಚುಚ್ಚಿ ರಕ್ತ ಬಂದರೂ ಅವಳಿಗೆ ತಿಳಿಯುತ್ತಿರಲಿಲ್ಲ, ಗಂಡ ನೋಡಿ ಹೇಳಬೇಕಿತ್ತು. ಆದರೂ ಹೊಲಿಯುವುದು ಬಿಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಕಿಟಕಿಯ ಬಳಿ ಕೂರುತ್ತಿದ್ದಳು. ಬೆಳಕಿನಿಂದ ಏನೂ ಆಗಬೇಕಾದ್ದಿರಲಿಲ್ಲ, ಕುಳಿತು ರೂಢಿ. ಅವನು ಚೂರುಗಳನ್ನು ಒಂದೊಂದಾಗಿ ಕೈಗಿಟ್ಟು ಇದು ನೀಲಿ, ಇದು ಹೂವಿನದು ಎಂದು ಹೇಳುತ್ತಿದ್ದ. ಅಂಗಡಿಗೆ ಹೋಗುವ ಮುಂಚೆ ಒಂದು ಸಾಲು ಸೂಜಿಗೆ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಅವನದೇ ಹಳೆ ಅಂಗಿಯಲ್ಲಿ ಅವಳು ಮಾಡಿದ್ದ ಪುಟ್ಟ ದಿಂಬಿಗೆ ಚುಚ್ಚಿಡುತ್ತಿದ್ದ. ಮನೆಗೆ ಬಂದವರಿಗೆಲ್ಲ ಅವಳು ಅದನ್ನು ತೋರಿಸುತ್ತಿದ್ದಳು. "ನಮ್ಮೋರ ಕೈ ಅಂದ್ರೆ ಕೈ. ಕೂದಲು ಕೊಡಿ, ಸೀಳಿ ಎರಡು ಸೂಜಿಗೆ ಪೋಣಿಸ್ತಾರೆ."

ಆ ಕೈಯೇ ಕೈಕೊಟ್ಟಿತು. ಒಂದು ದಿನ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟದಲ್ಲಿ ತಿರುಪು ಹಿಡಿದಿದ್ದಾಗ ಅದು ತಾನಾಗಿ ಜಿಗಿದು ಎಲ್ಲೋ ಬಿತ್ತು. ಮರುದಿನ ಇನ್ನೊಂದು. ಕೆಲವು ವಾರಗಳಲ್ಲಿ ಲೋಟ ಹಿಡಿದರೆ ಕಾಫಿ ತುಳುಕುವ ಮಟ್ಟಕ್ಕೆ ಬಂತು. ಅವನು ಅಂಗಡಿಗೆ ಬೀಗ ಹಾಕಿ ಬಂದು, "ಈಗ ವಾಚ್ ಯಾರು ಕಟ್ತಾರೆ? ಎಲ್ಲಾ ಮೊಬೈಲ್ ನೋಡ್ತಾರೆ," ಎಂದ.

"ಹೋಗ್ಲಿ ಬಿಡಿ," ಎಂದಳು ಅವಳು. "ನನ್ನ ಸೂಜಿಗಾದ್ರೂ ಆ ಕೈ ಉಳೀತಲ್ಲ."

ಆ ಮಾತು ಅವನಿಗೆ ನುಂಗಲಾರದ ತುತ್ತಾಯಿತು. ಇನ್ನು ಹೇಗೆ ಹೇಳುವುದು? ಟೈಲರ್ ಹತ್ತಿರ ಪೋಣಿಸಿಕೊಂಡು ಬರಬಹುದಿತ್ತು, ಆದರೆ ಟೈಲರ್ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಬೀದಿಯ ಕೊನೆ ತಲುಪಿ ವಾಪಸ್ ಇವಳ ಕಿವಿಗೇ ಬರುತ್ತಿತ್ತು. ಅವನು ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು, ಮೊಣಕೈಗಳನ್ನು ಗೋಡೆಗೆ ಒತ್ತಿ ಹಿಡಿದು, ಬೆವರು ಸುರಿಸಿ ಪೋಣಿಸುತ್ತಿದ್ದ. ಚಳಿಗಾಲ ಶುರುವಾದ ಮೇಲೆ ಅದೂ ನಿಂತಿತು.

"ರೀ, ಸೂಜಿ ಎಲ್ಲಿ? ಯಾಕೆ ಇವತ್ತು ತಡ?" ಎಂದು ಅವಳು ಅಂದು ಕಿಟಕಿಯ ಬಳಿಯಿಂದ ಕೇಳಿದಳು.

"ದಾರ ಸಿಕ್ಕಾಗಿತ್ತು ಕಣೇ. ಬಂದೆ."

ಅವಳ ಎದುರು ಕುಳಿತು, ಅವಳ ಅಂಗೈಯಲ್ಲಿ ಖಾಲಿ ಸೂಜಿ ಇಟ್ಟ. ಮುಂದಿನ ಉಸಿರಿಗೇ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವಳು ಬಟ್ಟೆಗೆ ಸೂಜಿ ಹಾಕಿ ಎಳೆದಳು. ತೋಳು ಪೂರ್ತಿ ಚಾಚಿ, ಭುಜದಾಚೆಗೆ ಎಳೆದಳು. ಮತ್ತೆ ಹಾಕಿದಳು, ಮತ್ತೆ ಎಳೆದಳು. ಹಲವು ಹೊಲಿಗೆ ಆದ ಮೇಲೆ ತೋಳು ಅಷ್ಟು ದೂರ ಹೋಗಲಿಲ್ಲ. ಆಮೇಲೆ ಮೊಣಕೈಯಷ್ಟು, ಆಮೇಲೆ ಗೇಣಷ್ಟು. ಕೊನೆಗೆ ತಲೆ ಬಗ್ಗಿಸಿ ಬಟ್ಟೆಯ ಹತ್ತಿರ ಬಾಯಿ ಒಯ್ದು ಹಲ್ಲಿನಿಂದ ಕಟ್ ಎಂದು ಕಡಿದು ಸೂಜಿಯನ್ನು ಅವನತ್ತ ಚಾಚಿದಳು.

"ಆಯ್ತು. ಇನ್ನೊಂದು ಕೊಡಿ."

ಎಂಥಾ ಅಭ್ಯಾಸ ಬಲ ಎಂದುಕೊಂಡು ಅವನು ಇನ್ನೊಂದು ಖಾಲಿ ಸೂಜಿ ಕೊಟ್ಟ. ನಾಳೆ ಹೇಳಿದರಾಯಿತು ಎಂದುಕೊಂಡ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ನಾಳೆ, ನಾಡಿದ್ದು ಎನ್ನುತ್ತಾ ತಿಂಗಳುಗಳನ್ನೇ ಕುಡಿದ. ಒಂದೊಂದು ಸಾಲು ಮುಗಿದ ಹಾಗೂ ಅವಳು ಅದನ್ನು ಚೂರು ಜಾರದಂತೆ ಒಳಕ್ಕೆ ಮಡಿಸಿ ಅಂಗೈಯಿಂದ ಒತ್ತುತ್ತಿದ್ದಳು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಸದ್ಯ, ನನ್ನ ಅದೃಷ್ಟ, ಹಾಗಾಗಿ ಉದುರುತ್ತಿಲ್ಲ ಎಂದು ಅವನು ಸಮಾಧಾನಪಟ್ಟ. ಆ ದಿನಗಳಲ್ಲಿ ಅವಳು ಮೊದಲಿಗಿಂತ ಹೆಚ್ಚು ಮಾತಾಡಿದಳು. ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಕೋಣೆ, ಅದರ ಸೋರುವ ನಲ್ಲಿ, ಅದನ್ನು ರಿಪೇರಿ ಮಾಡಲು ಹೋಗಿ ಅವನು ಇಡೀ ಮಹಡಿಗೆ ನೀರು ನುಗ್ಗಿಸಿದ್ದು. ಅವನು ನಕ್ಕಾಗ ಅವಳೂ ನಗುತ್ತಿದ್ದಳು, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಕೌದಿ ಮುಗಿದ ದಿನ ತಾನೇ ಮಡಿಸಿ, ಬಟ್ಟೆಯ ಪಟ್ಟಿಯಿಂದ ಸುತ್ತ ಕಟ್ಟಿ, ಗಂಟು ಬಿಗಿದು ಅವನಿಗೆ ಕೊಟ್ಟಳು. "ಟ್ರಂಕಲ್ಲಿ ಇಡಿ. ಇದು ನನ್ನ ಜೊತೆ ಬರ್ಲಿ."

"ಈಗ್ಯಾಕೆ ಆ ಮಾತು?"

"ಹೇಳಿಟ್ಟಿರ್ತೀನಿ ಅಷ್ಟೇ," ಎಂದಳು.

ದೂರದ ಯಾವುದಾದರೂ ಅಂಗಡಿಗೆ ಗುಟ್ಟಾಗಿ ಒಯ್ದು ಹೊಲಿಸಿಕೊಂಡು ಬರಬೇಕೆಂದು ಅವನು ಲೆಕ್ಕ ಹಾಕಿದ್ದ. ಬೆಚ್ಚಗಿನ ದಿನ ನೋಡಿ, ಅವಳು ಮಲಗಿದ ಹೊತ್ತು ನೋಡಿ ಹೋಗಬೇಕೆಂದಿದ್ದ. ಅವಳು ಮಲಗಿದವಳು ಏಳಲೇ ಇಲ್ಲ.

*

ಟೈಲರ್ ಮೆಟ್ಟಿಲು ಹತ್ತಿ ಬಂದಾಗ ಅಳತೆಯ ಟೇಪು ಇನ್ನೂ ಅವನ ಕುತ್ತಿಗೆಯಲ್ಲೇ ಇತ್ತು. ಮಂಚದ ಮುಂದೆ ನಿಂತು ಮೂಗು ಒರೆಸಿಕೊಂಡ. "ನಾನು ಕಸ ಅಂತ ಗುಡಿಸ್ತಿದ್ದೆ. ಅಕ್ಕ ಅದಕ್ಕೆ ಮರ್ಯಾದೆ ಕೊಟ್ರು."

"ನಮ್ಮನೆ ಮೂರೂ ಮಕ್ಕಳು ಇವರ ಕೌದೀಲೇ ಬೆಳೆದಿದ್ದು," ಎಂದಳು ಎದುರು ಮನೆಯವಳು. "ದೊಡ್ಡೋನಿಗೆ ಈಗ್ಲೂ ಅದು ಬೇಕು. ಕಾಲು ಆಚೆ ಬರುತ್ತೆ, ಆದ್ರೂ ಅದೇ."

ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ವಾಚಣ್ಣ ಟ್ರಂಕಿನ ಮೇಲೆ ಇನ್ನಷ್ಟು ಹಿಂದಕ್ಕೆ ಸರಿದು ಕುಳಿತ. ಇನ್ನೊಂದು ಸ್ವಲ್ಪ ಹೊತ್ತು, ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಕುಳಿತರೆ ಗೆದ್ದೆ ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿಯನ್ನು ಬೇಗ ಒಯ್ಯಲಿ ಎಂದು ಬಯಸುತ್ತಿರುವ ತನ್ನ ಬುದ್ಧಿಗೆ ಅವನಿಗೇ ಅಸಹ್ಯವಾಯಿತು.

ಮಗಳು ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಈ ಸಲ ಅವಳ ದನಿ ಮೆತ್ತಗಿತ್ತು. "ಅಪ್ಪ, ಅದನ್ನ ನೀನು ಇಟ್ಕೋಬೇಕು ಅಂತಾನಾ? ಅಮ್ಮನ ನೆನಪಿಗೆ?"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಹೌದು," ಎಂದ. "ಅದಕ್ಕೇ. ನನಗೆ ಬೇಕು."

"ಅಷ್ಟು ಹೇಳಿದ್ರೆ ಆಗ್ತಿತ್ತಲ್ಲ," ಎಂದು ಅವಳು ಅತ್ತಳು. ಅವನ ಮೊಣಕಾಲು ಸವರಿದಳು. "ಇಟ್ಕೋ. ಅದರ ಮೇಲೆ ನಿನಗಿಂತ ಹಕ್ಕು ಯಾರಿಗಿದೆ? ಆದ್ರೆ ಒಂದು ಗಳಿಗೆ ಅಮ್ಮನ ಮೇಲೆ ಹೊದಿಸಿ ತೆಗೆದುಕೊಡ್ತೀವಿ. ಅವಳ ಮಾತೂ ಉಳಿಯುತ್ತೆ."

"ಬೇಡ."

"ಯಾಕಪ್ಪ?"

"ಬೇಡ ಕಣಮ್ಮ. ನಿನ್ನ ದಮ್ಮಯ್ಯ."

ಟೈಲರ್ ಹಿಂದಿನಿಂದ ಬಂದು, ಮಗುವನ್ನು ಎತ್ತುವಂತೆ ಕಂಕುಳಿಗೆ ಕೈಕೊಟ್ಟು ಅವನನ್ನು ಎಬ್ಬಿಸಿದ. "ಬನ್ನಿ ವಾಚಣ್ಣ, ಕೊನೇ ಸಲ ಅವರ ಹತ್ರ ಕೂತ್ಕೊಳ್ಳಿ." ಮಗಳು ಟ್ರಂಕಿನ ಮುಚ್ಚಳ ತೆಗೆದು ಕೌದಿಯ ಕಟ್ಟನ್ನು ಎದೆಗವಚಿ ಎತ್ತಿಕೊಂಡಳು. ಅಚ್ಚುಕಟ್ಟಾಗಿ, ಬಿಗಿಯಾಗಿ ಇತ್ತು ಅದು. ಯಾರೂ ಮುಟ್ಟದಿದ್ದರೆ ನೂರು ವರ್ಷ ಹಾಗೇ ಇರುತ್ತಿತ್ತೇನೋ. ವಾಚಣ್ಣ ಟೈಲರನ ಕೈ ಕೊಸರಿಕೊಂಡು ಮುನ್ನುಗ್ಗಿ ಅದನ್ನು ಕಿತ್ತುಕೊಳ್ಳಲು ಹೋದ. ಅವನ ನಡುಗುವ ಬೆರಳುಗಳಿಗೆ ಸಿಕ್ಕಿದ್ದು ಕಟ್ಟಿದ ಪಟ್ಟಿಯ ತುದಿ. ಎಳೆದ. ಗಂಟು ಜಾರಿತು.

ಕೌದಿ ಅವರಿಬ್ಬರ ನಡುವೆ ಬಿಚ್ಚಿಕೊಂಡು ಚೂರುಚೂರಾಗಿ ಉದುರಿತು. ನೀಲಿ, ಹಳದಿ, ಹೂವಿನದು, ಗೆರೆಯದು ಎಲ್ಲ ನೆಲದ ಮೇಲೆ, ಬಂದವರ ಕಾಲ ಮೇಲೆ, ಮಂಚದ ಬಿಳಿ ಬಟ್ಟೆಯ ಮೇಲೆ ಬಿದ್ದವು. ಮಗಳ ಕೈಯಲ್ಲಿ ಉಳಿದದ್ದು ದಾರವಿದ್ದ ನಡುಭಾಗ ಮಾತ್ರ. ಅದು ಒಂದು ಕೂಸಿಗೆ ಹೊದಿಸುವಷ್ಟಿತ್ತು.

ಟೈಲರ್ ಬಗ್ಗಿ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದ. ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತುಗಳು, ಗೆರೆ ಎಳೆದಂತೆ ನೇರವಾಗಿ. "ಸೂಜಿ ಹೋಗಿದೆ," ಎಂದ ಮೆಲ್ಲಗೆ. "ದಾರ ಇಲ್ಲ."

ವಾಚಣ್ಣ ತನ್ನ ಎರಡೂ ಕೈಗಳನ್ನು ಎಲ್ಲರ ಮುಂದೆ ಚಾಚಿದ. ಗಾಳಿಗೆ ಸಿಕ್ಕ ಎಲೆಗಳ ಹಾಗೆ ಅವು ಅದುರುತ್ತಿದ್ದವು. "ಚಳಿಗಾಲದಿಂದ ಪೋಣಿಸೋಕೆ ಆಗ್ಲಿಲ್ಲ," ಎಂದ. "ಹೇಳೋಕೂ ಆಗ್ಲಿಲ್ಲ. ಹಾಗೇ ಕೊಟ್ಟೆ."

"ಹಾಗೇ ಕೊಟ್ಟೆ ಅಂದ್ರೆ?" ಮಗಳ ಮುಖ ಬಿಳಿಚಿತು. "ಕಣ್ಣು ಕಾಣಲ್ಲ ಅಂತ ಅಮ್ಮನಿಗೆ ಖಾಲಿ ಸೂಜಿ ಕೊಟ್ಟು ಕೂರಿಸಿದ್ಯಾ? ಚಳಿಗಾಲದಿಂದ? ದಿನಾ?"

"ದಿನಾ."

"ನನಗೊಂದು ಮಾತು ಹೇಳಿದ್ರೆ ಕೆಲಸಕ್ಕೆ ಹೋಗೋ ಮುಂಚೆ ಬಂದು ಪೋಣಿಸಿಟ್ಟು ಹೋಗ್ತಿರ್ಲಿಲ್ವಾ ನಾನು? ಅಷ್ಟು ದೂರದೋಳಾ ನಾನು ನಿನಗೆ?"

ಭೂಮಿ ಬಾಯಿಬಿಟ್ಟು ಹೆಂಡತಿಗಿಂತ ಮುಂಚೆ ತನ್ನನ್ನೇ ನುಂಗಬಾರದೇ ಎಂದು ಅವನಿಗೆ ಅನ್ನಿಸಿತು.

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಅದನ್ನೇ ಹೇಳೋಕೆ ಹೊರಟಿದ್ದೆ ಭಾವ," ಎಂದಳು. "ಗಂಟು ಬಿಚ್ಬೇಡಿ ಅಂದಿದ್ಲು ಅಕ್ಕ. ಕಟ್ಟಿದ ಹಾಗೇ ನನ್ನ ಎದೆ ಮೇಲಿಟ್ಟು ಕಳ್ಸಿ, ಯಾರೂ ಬಿಡಿಸಿ ನೋಡೋದು ಬೇಡ ಅಂತ. ಯಾಕೇ ಅಂತ ಕೇಳಿದ್ದಕ್ಕೆ ಸುಮ್ನೆ ನಕ್ಬಿಟ್ಲು."

*

"ಇಲ್ಲಿ ಜಾಸ್ತಿ ಹೊತ್ತು ನಿಲ್ಸೋ ಹಾಗಿಲ್ಲ," ಎಂದು ಹೇಳಲು ಮೇಲೆ ಬಂದ ವ್ಯಾನ್ ಡ್ರೈವರ್, ಒಳಗೆ ನಡೆಯುತ್ತಿದ್ದುದನ್ನು ನೋಡಿ ಮಾತು ನಿಲ್ಲಿಸಿ ಮೆಟ್ಟಿಲ ಮೇಲೆ ಕುಳಿತ. ಟೈಲರ್ ಕೆಳಗೆ ಓಡಿ ಸೂಜಿ, ದಾರದ ಉಂಡೆಗಳನ್ನು ತಂದಿದ್ದ. ಕಚ್ಚಾ ಹೊಲಿಗೆ ಸಾಕು, ಹಿಡಿದು ನಿಂತರೆ ಸಾಕು ಎಂದು ಪೋಣಿಸಿ ಪೋಣಿಸಿ ಹಂಚಿದ. ಮಗಳು, ನಾದಿನಿ, ಎದುರು ಮನೆಯವಳು, ಟೈಲರ್ ನಾಲ್ವರೂ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಚೂರಿಗೆ ಚೂರು ಜೋಡಿಸುತ್ತಿದ್ದರು. ಮೂಲೆಗೆ ಮೂಲೆ ಸೇರುತ್ತಿರಲಿಲ್ಲ. ಮಗಳು ವಾಚಣ್ಣನ ಕಡೆ ನೋಡುತ್ತಿರಲಿಲ್ಲ.

ಅವನು ಗೋಡೆಗೊರಗಿ ಅವರ ಕೈಗಳನ್ನು ನೋಡುತ್ತಿದ್ದ. ಬೇರೆ ಎಲ್ಲಿ ನೋಡಲೂ ಅವನಿಗೆ ಮುಖವಿರಲಿಲ್ಲ. ಮಗಳು ಹೊಸ ಸೂಜಿ ತೆಗೆದುಕೊಂಡಳು. ಅವಳ ತೋಳು ಪೂರ್ತಿ ಚಾಚಿ ಭುಜದಾಚೆಗೆ ಹೋಯಿತು, ಥೇಟ್ ತಾಯಿಯ ಹಾಗೆ. ಹೊಲಿದ ಹಾಗೆಲ್ಲ ದಾರ ಬಟ್ಟೆಯೊಳಗೆ ಇಳಿದು, ತೋಳು ಹತ್ತಿರ ಹತ್ತಿರ ಬಂತು. ಮೊಣಕೈಯಷ್ಟು, ಗೇಣಷ್ಟು. ಕೊನೆಗೆ ದಾರ ಇನ್ನಿಲ್ಲವೆಂದಾಗ ಅವಳು ಬಗ್ಗಿ ಹಲ್ಲಿನಿಂದ ಕಡಿದಳು.

ವಾಚಣ್ಣ ಎದ್ದು ನಿಂತ. ದಾರ ಮುಗಿಯುತ್ತಾ ಬಂದರೆ ತೋಳು ಹತ್ತಿರ ಬರುತ್ತದೆ, ಸರಿ. ಸೂಜಿಯಲ್ಲಿ ದಾರವೇ ಇಲ್ಲದಿದ್ದರೆ ಅದು ಯಾಕೆ ಹತ್ತಿರ ಬರಬೇಕು? ಇಲ್ಲದ ದಾರ ಮುಗಿಯುವುದು ಹೇಗೆ? ಮುಗಿಯಿತೆಂದು ಅವಳು ಕಡಿದದ್ದು ಏನನ್ನು? ಬೆರಳಿಗೆ ಸ್ಪರ್ಶ ಇರಲಿಲ್ಲ, ನಿಜ. ತುಟಿಗೆ, ಹಲ್ಲಿಗೆ ಇತ್ತಲ್ಲ.

ಗೊತ್ತಿತ್ತು ಅವಳಿಗೆ. ಮೊದಲನೆಯ ಬೆಳಿಗ್ಗೆಯೇ ಗೊತ್ತಾಗಿತ್ತು. ಅವನ ಕೈ ಹೋದದ್ದು ತಿಳಿದು, ಅವನಿಗೆ ನಾಚಿಕೆಯಾಗಬಾರದೆಂದು, ದಿನವೂ ಅವನ ಎದುರು ಕುಳಿತು ಒಂದೊಂದು ಖಾಲಿ ಸೂಜಿಯಲ್ಲೂ ಇಡೀ ದಾರವನ್ನು ಹೊಲಿದು ತೋರಿಸಿದ್ದಳು. ಚೂರು ಉದುರದಂತೆ ಸಾಲು ಸಾಲೇ ಒಳಕ್ಕೆ ಮಡಿಸಿದ್ದಳು. ಗಂಡನ ಗುಟ್ಟು ಯಾರ ಕಣ್ಣಿಗೂ ಬೀಳದೆ ತನ್ನ ಜೊತೆ ಮಣ್ಣಾಗಲಿ ಎಂದು ಗಂಟು ಬಿಗಿದು, ಬಿಚ್ಚಬೇಡಿ ಎಂದು ಹೇಳಿ ಹೋಗಿದ್ದಳು. ಬಿಚ್ಚಿದವನು ಅವನೇ.

ಅವನು ಮಂಚದ ಬಳಿ ಕುಸಿದು ಅವಳ ಕಿವಿಯ ಹತ್ತಿರ ಬಾಯಿ ಒಯ್ದ. "ಗೊತ್ತಿತ್ತೇನೇ ನಿನಗೆ?" ಎಂದ. "ಗೊತ್ತಿದ್ದೂ ಸುಮ್ಮನಿದ್ಯಾ? ಒಂದು ಬೈಗುಳ ಬೈದಿದ್ರೆ ಆಗ್ತಿರ್ಲಿಲ್ವೇನೇ?" ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಬಳಿ, ಇಬ್ಬರೂ ಒಂದೇ ಸುಳ್ಳನ್ನು ಬೇರೆ ಬೇರೆ ಹೊತ್ತುಕೊಂಡು ಕುಳಿತಿದ್ದರು. ಅವಳು ತನ್ನ ಪಾಲು ಹೊತ್ತುಕೊಂಡೇ ಹೋಗಿಬಿಟ್ಟಳು. ಇನ್ನು ಯಾವ ನಾಳೆಯಲ್ಲೂ ಹೇಳಿಕೊಳ್ಳುವ ಹಾಗಿಲ್ಲ ಎನ್ನುವುದು ಆಗ ಅವನಿಗೆ ಸರಿಯಾಗಿ ಅರ್ಥವಾಗಿ, ನಿನ್ನೆಯಿಂದ ಬಾರದಿದ್ದ ಅಳು ಬಂತು. ಅದು ಮನುಷ್ಯರ ಅಳುವಿನ ಹಾಗಿರಲಿಲ್ಲ. ಮೆಟ್ಟಿಲ ಮೇಲಿದ್ದ ಡ್ರೈವರ್ ಎದ್ದು ನಿಂತ.

ಕೌದಿಯನ್ನು ಅವಳ ಮೇಲೆ ಹೊದಿಸಿದರು. ಸೊಟ್ಟಪಟ್ಟ ಹೊಲಿಗೆ, ಒಂದು ಕಡೆ ಹಿಗ್ಗಿ ಒಂದು ಕಡೆ ಕುಗ್ಗಿತ್ತು. ಎದೆಯ ಹತ್ತಿರ ಒಂದು ಚೂರು ಇನ್ನೂ ಹಿಡಿದಿರಲಿಲ್ಲ.

"ಅದೊಂದು ಹಾಕ್ಬಿಡ್ತೀನಿ," ಎಂದು ಟೈಲರ್ ಬಗ್ಗಿದ.

"ನಾನು," ಎಂದ ವಾಚಣ್ಣ.

ಮಗಳು ಪೋಣಿಸಿದ ಸೂಜಿ ಕೊಟ್ಟಳು. ಅವನು ಅದರ ದಾರವನ್ನು ಎಳೆದು ತೆಗೆದು ಪಕ್ಕಕ್ಕಿಟ್ಟ. ಟೈಲರ್ ಏನೋ ಹೇಳಲು ಹೋದವನು ಮಗಳು ಕೈ ಅಡ್ಡ ಹಿಡಿದದ್ದನ್ನು ನೋಡಿ ಸುಮ್ಮನಾದ. ವಾಚಣ್ಣ ನಡುಗುವ ಕೈಯಿಂದ ಬಟ್ಟೆಗೆ ಸೂಜಿ ಹಾಕಿ ತೋಳು ಪೂರ್ತಿ ಚಾಚಿ ಎಳೆದ. ಮತ್ತೆ ಹಾಕಿ ಮತ್ತೆ ಎಳೆದ. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ದಾರಿ ಬಿಡೆಂದು ಹಾರ್ನ್ ಹೊಡೆಯುತ್ತಲೇ ಇತ್ತು. ತೋಳು ಮೊಣಕೈಯಷ್ಟಾಯಿತು, ಗೇಣಷ್ಟಾಯಿತು. ಅವನು ಬಗ್ಗಿ, ಅವಳ ಎದೆಯ ಮೇಲಿನ ಬಟ್ಟೆಗೆ ಬಾಯಿ ತಂದು, ಹಲ್ಲಿನಿಂದ ಕಡಿದು ಸೂಜಿಯನ್ನು ಮುಂದಕ್ಕೆ ಚಾಚಿದ.

"ಆಯ್ತು," ಎಂದ. "ಇನ್ನೊಂದು ಕೊಡು."

ಮಗಳು ಆ ಸೂಜಿಯನ್ನು ತೆಗೆದುಕೊಂಡು, ಇನ್ನೊಂದು ಖಾಲಿ ಸೂಜಿಯನ್ನು ಅವನ ಅಂಗೈಯಲ್ಲಿ ಇಟ್ಟಳು.